ಮಾತಿನ ಕಮ್ಮಟಿಗ ಟಿ. ಪಿ. ಕೈಲಾಸಂ

ಮುಂಬಯಿಯಿಂದ ನಾಸಿಕದ ಕಡೆಗೆ ಹೋಗುವ ರೈಲುಬಂಡಿಯಲ್ಲಿ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಪ್ರಯಾಣ ಮಾಡಿರಬಹುದು. ಕಸಾರಾ ನಿಲ್ದಾಣವನ್ನು ಬಿಟ್ಟ ಮೇಲೆ ಬಂಡಿಯು ಸಹ್ಯಾದ್ರಿಯ ಥಳ್ ಘಾಟವನ್ನು ಏರತೊಡಗಿ, ಸುರಂಗಗಳನ್ನೂ ಆಳವಾದ ಕಣಿವೆಗಳನ್ನೂ ದಾಟಿ ಇಗತಪುರಿಯನ್ನು ಸೇರುತ್ತದೆ. ವಿದ್ಯುತ್ ಮಾರ್ಗವು ೧೯೩೦ರಲ್ಲಿ ಇಗತಪುರಿಯವರೆಗೆ ಬಂದಿತು. ಅದರಾಚೆಗೆ ಬಹುಕಾಲ ಉಗಿಯ ಎಂಜಿನ್ನೇ ಗತಿಯಾಗಿತ್ತು. ಆದುದರಿಂದ ಇಗತಪುರಿಯಲ್ಲಿ ಎಂಜಿನ್ನನ್ನು ಬದಲಾಯಿಸುತ್ತಿದ್ದರು. ಡಬ್ಬಿಗಳು ಅವೇ, ಒಳಗೆ ಕುಳಿತ ಜನರೂ ಅವರೇ. ಎಳೆಯುವ ಶಕ್ತಿ ಮಾತ್ರ ಬೇರೆ. ಒಂದು ಭಾಷೆಯ ಮಾತು ಇನ್ನೊಂದು ಭಾಷೆಯ ಸೀಮೆಯೊಳಗೆ ಹೋಗುವಾಗಲೂ ಇಂಥದೇ ಒಂದು ನಿಲ್ದಾಣದಲ್ಲಿ ನಿಂತು ಎಂಜಿನ್ನನ್ನು ಬದಲಾಯಿಸಿಕೊಳ್ಳುತ್ತದೆ.

ಇದಕ್ಕೆ ನಿದರ್ಶನವನ್ನು ಹುಡುಕಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಇಗತಪುರಿಯಿಂದ ಮುಂದೆ, ನಾಸಿಕ ರೋಡ್ ನಿಲ್ದಾಣಕ್ಕೆ ಮೊದಲು, ದೇವಳಾಲಿ ಎಂಬ ಊರು ಸಿಕ್ಕುತ್ತದೆ. ಬ್ರಿಟಿಷರ ಕಾಲದಲ್ಲಿ ಅಲ್ಲಿ ದೊಡ್ಡದೊಂದು ಸೈನಿಕ ಶಿಬಿರವಿದ್ದಿತು. ನೌಕರಿಯ ಅವಧಿ ಮುಗಿದ ಇಂಗ್ಲಿಷ್ ಸಿಪಾಯಿಗಳು ಸ್ವದೇಶಕ್ಕೆ ಮರಳುವ ಹಡಗಿಗಾಗಿ ಅಲ್ಲಿ ಕಾಯಬೇಕಾಗಿತ್ತು. ಹಡಗುಗಳು ವರ್ಷದ ಕೆಲವು ತಿಂಗಳುಗಳಲ್ಲಿ ಮಾತ್ರ ಹೊರಡುತ್ತಿದ್ದುದರಿಂದ, ಎಷ್ಟೋ ಮಂದಿ ಕೆಲಸವಿಲ್ಲದೆ, ಮನೆಯ ಹಂಬಲದಲ್ಲಿ, ಬಿಸಿಲಿನಲ್ಲಿ ದಿನಗಳನ್ನು ಎಣಿಸುತ್ತ ಕೂರಬೇಕಾಯಿತು. ಕೆಲವರ ಚಿತ್ತವೇ ಕೆಟ್ಟುಹೋಯಿತು. ದೇವಳಾಲಿಯ ಹೆಸರು ಆ ಸಿಪಾಯಿಗಳ ಬಾಯಲ್ಲಿ ‘ಡೂಲ್ಯಾಲಿ’ ಎಂದಾಯಿತು. ಅದಕ್ಕೆ ನಮ್ಮ ಜ್ವರ, ತಾಪ ಎಂಬರ್ಥದ ‘ತಪ್’ ಎಂಬ ಮಾತೂ ಸೇರಿಕೊಂಡು, ಬುದ್ಧಿ ಕದಡಿದವನನ್ನು ಸೂಚಿಸುವ ಹೊಸ ಶಬ್ದವೊಂದು ಇಂಗ್ಲಿಷ್ ಭಾಷೆಗೆ ಪ್ರಾಪ್ತವಾಯಿತು. ಅದು ಇಂದಿಗೂ ಇಂಗ್ಲಿಷ್ ನಿಘಂಟುಗಳಲ್ಲಿ ಇದೆ.

ಸಾಮಾನ್ಯ ಜನರು ಅರಿಯದೆ ಮಾಡುವ ಈ ಕೆಲಸವನ್ನೇ ಸಾಹಿತಿಗಳು ಅರಿತು ಮಾಡುತ್ತಾರೆ. ಷೇಕ್ಸ್‌ಪಿಯರ್ ಮಹಾಕವಿಯ ನಾಟಕಗಳಲ್ಲಿ ಮೊತ್ತಮೊದಲು ಕಾಣಿಸಿಕೊಂಡವೆಂದು ಹೇಳಲಾಗುವ ಶಬ್ದಗಳು ನೂರಾರು. ಅವುಗಳಲ್ಲಿ ಕೆಲವು ಆತನಿಗಿಂತ ಮೊದಲೇ ಬಳಕೆಯಲ್ಲಿದ್ದುವೆಂದು ವಿದ್ವಾಂಸರು ಈಚೆಗೆ ಕಂಡುಹಿಡಿದಿದ್ದರೂ, ಆತನು ಮಾತನ್ನು ನಿರ್ಭಯವಾಗಿ ಅಚ್ಚುಹಾಕುತ್ತಿದ್ದನೆಂಬುದರಲ್ಲಿ ಸಂದೇಹವಿಲ್ಲ. ಲೂಯಿಸ್ ಕ್ಯಾರೊಲ್ ಎಂಬ ಹೆಸರಿನಲ್ಲಿ ಮಕ್ಕಳಿಗಾಗಿ ಬರೆದ ಗಣಿತದ ಉಪಾಧ್ಯಾಯನು ೧೮೭೧ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ, ಒಳಗೊಳಗೇ ನಗುವುದು ಎಂಬರ್ಥದ ‘ಚಕಲ್’ ಎಂಬುದನ್ನೂ ಮೂಗಿನಿಂದ ಬುಸುಗುಟ್ಟುವುದು ಎಂಬರ್ಥದ ‘ಸ್ನಾರ್ಟ್’ ಎಂಬುದನ್ನೂ ಕೂಡಿಸಿ ‘ಚಾರ್ಟಲ್’ ಎಂಬ ಹೊಸ ಶಬ್ದವನ್ನು ಮಾಡಿದನು. ಎರಡು ಮಡಿಕೆಯ ಚೀಲದಲ್ಲಿ ಎರಡು ಬಗೆಯ ಬಟ್ಟೆಯನ್ನು ತುಂಬುವಂತೆ, ಒಂದೇ ಶಬ್ದದಲ್ಲಿ ಎರಡು ಅರ್ಥಗಳನ್ನು ತುಂಬುವ ವಿದ್ಯೆ ಅದು. ಇಂಥ ವಿದ್ಯೆಯನ್ನು ಕನ್ನಡಕ್ಕೂ ಇಂಗ್ಲಿಷಿಗೂ ನಡುವಣ ಗಡಿಯ ಮೇಲೆ ನಿಂತು ನಡೆಸಿದ ಮಹನೀಯರೊಬ್ಬರು ನಮ್ಮಲ್ಲಿ ಇದ್ದರು. ಅವರೇ ಟಿ. ಪಿ. ಕೈಲಾಸಂ. ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಪ್ರಯತ್ನಿಸುತ್ತೇವೆ.

ತ್ಯಾಗರಾಜ ಪರಮಶಿವ ಕೈಲಾಸಂ ಅವರು ೧೮೮೪ರಲ್ಲಿ ಜನಿಸಿದರು. ತಂದೆ ಪರಮಶಿವ ಅಯ್ಯರ್ ಅವರು ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದವರು, ಶಿಸ್ತಿಗೂ ವಿದ್ವತ್ತಿಗೂ ಹೆಸರಾದವರು, ತಾಯಿ ಕಮಲಮ್ಮನವರು. ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಕೈಲಾಸಂ ಅವರ ಮನೆಮಾತು ತಮಿಳು. ಕನ್ನಡದ ಆಡುಮಾತನ್ನು ರಂಗಭೂಮಿಗೆ ಏರಿಸಿ, ಅದಕ್ಕೆ ಸಾಹಿತ್ಯದ ಪೀಠವನ್ನು ಕೊಟ್ಟವರು ಕನ್ನಡವನ್ನು ತೊಟ್ಟಿಲಿನಲ್ಲಿ ಕಲಿತವರಲ್ಲ. ಬೀದಿಯಲ್ಲಿ, ಶಾಲೆಯಲ್ಲಿ, ಜೊತೆಗಾರರ ನಡುವೆ ಕಿವಿಗೊಟ್ಟು ಕಲಿತವರು. ಮನೆಯೊಳಗೆ ಒಂದು ಮಾತು, ಹೊಸ್ತಿಲಾಚೆಗೆ ಇನ್ನೊಂದು ಮಾತು ಎಂಬ ಸ್ಥಿತಿಯಲ್ಲಿ ಬೆಳೆಯುತ್ತಿರುವ ನಮ್ಮ ನಗರದ ಕನ್ನಡ ಮಕ್ಕಳಿಗೆ ಇದು ಧೈರ್ಯವನ್ನು ಕೊಡಬೇಕಾದ ವಿಷಯವಾಗಿದೆ. ಎರಡು ಭಾಷೆಗಳ ನಡುವೆ ಇರುವವನು ಎರಡನ್ನೂ ಕಳೆದುಕೊಳ್ಳುತ್ತಾನೆಂದು ಹೇಳುವವರುಂಟು. ಕಿವಿ ಚುರುಕಾಗಿದ್ದರೆ ಎರಡನ್ನೂ ಗಳಿಸಬಹುದೆಂಬುದಕ್ಕೆ ಕೈಲಾಸಂ ಅವರೇ ಸಾಕ್ಷಿ.

ಓದಿನಲ್ಲಿ ಅವರು ಹಿಂದೆ ಬಿದ್ದವರಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರವನ್ನು ಅಭ್ಯಾಸಮಾಡಿ, ವಿದ್ಯಾರ್ಥಿವೇತನವನ್ನು ಪಡೆದು ಲಂಡನ್ನಿಗೆ ತೆರಳಿ, ಅಲ್ಲಿಯ ರಾಯಲ್ ಕಾಲೇಜ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ಅದೇ ಶಾಸ್ತ್ರದಲ್ಲಿ ಉನ್ನತ ಶಿಕ್ಷಣವನ್ನು ಪಡೆದರು. ಆದರೆ ಲಂಡನ್ ನಗರದಲ್ಲಿ ಅವರ ಮನಸ್ಸನ್ನು ಸೆಳೆದುದು ಕಲ್ಲುಮಣ್ಣುಗಳ ಪದರಗಳಿಗಿಂತ ಹೆಚ್ಚಾಗಿ ಅಲ್ಲಿಯ ರಂಗಭೂಮಿ. ಒಳ್ಳೆಯ ನಾಟಕಗಳನ್ನು ಅವರು ನೋಡಿದರು; ಸಾಮಾನ್ಯ ಜನರಿಗಾಗಿ ಹಾಡು, ಹಾಸ್ಯ, ಕುಣಿತಗಳನ್ನು ನಡೆಸುವ ವಿನೋದಶಾಲೆಗಳಿಗೂ ಹೋದರು. ಮಾತು ಪುಸ್ತಕದಲ್ಲಿ ನಿದ್ರಿಸುವ ವಸ್ತುವಲ್ಲ, ಬಾಯಲ್ಲಿ ಕುಣಿಯುವ ವಸ್ತು ಎಂಬ ಅರಿವು ಅಲ್ಲಿ ಅವರಿಗೆ ದೃಢವಾಗಿರಬೇಕು.

೧೯೧೫ರ ಹೊತ್ತಿಗೆ ಸ್ವದೇಶಕ್ಕೆ ಮರಳಿದ ಕೈಲಾಸಂ ಅವರು ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿ ನೌಕರಿಗೆ ಸೇರಿದರು. ಒಳ್ಳೆಯ ಸಂಬಳ, ಗೌರವದ ಹುದ್ದೆ, ದೊಡ್ಡ ಮನೆತನ. ಲೋಕದ ದೃಷ್ಟಿಯಲ್ಲಿ ಕೊರತೆಯೆಂಬುದೇ ಇರಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಆ ಹುದ್ದೆಯನ್ನು ಬಿಟ್ಟು ಹೊರಬಂದರು. ಅಂದಿನಿಂದ ಕಡೆಯವರೆಗೂ ಅವರಿಗೆ ನಿಶ್ಚಿತವಾದ ಆದಾಯವಾಗಲಿ ನಿಯಮಬದ್ಧವಾದ ಜೀವನವಾಗಲಿ ಇರಲಿಲ್ಲ. ತಂದೆಯವರಿಗೆ ಇದರಿಂದ ನೋವಾಗಿದ್ದರೆ ಆಶ್ಚರ್ಯವಿಲ್ಲ. ಈ ನಡತೆಯನ್ನು ವಿದ್ಯಾರ್ಥಿಗಳು ಅನುಕರಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಆ ತ್ಯಾಗದಿಂದ ಕನ್ನಡಕ್ಕೆ ದೊರೆತ ಲಾಭವನ್ನು ಮರೆಯುವುದೂ ನ್ಯಾಯವಲ್ಲ.

ಆ ಕಾಲದ ಕನ್ನಡ ರಂಗಭೂಮಿಯೆಂದರೆ ವೃತ್ತಿ ಕಂಪನಿಗಳ ಪೌರಾಣಿಕ ನಾಟಕಗಳು. ಝಗಝಗಿಸುವ ಉಡುಪು, ಗಳಿಗೆಗೊಂದು ಹಾಡು, ಗ್ರಂಥಸ್ಥ ಭಾಷೆ ಅವುಗಳ ಲಕ್ಷಣ. ರಾಜರೂ ಋಷಿಗಳೂ ಅಲ್ಲಿ ಮಾತನಾಡುತ್ತಿದ್ದರೇ ಹೊರತು, ಬೆಂಗಳೂರಿನ ಬೀದಿಯ ಗುಮಾಸ್ತನಾಗಲಿ, ಒಲೆಯ ಮುಂದೆ ಕುಳಿತ ಗೃಹಿಣಿಯಾಗಲಿ, ಪರೀಕ್ಷೆಗೆ ಹೆದರಿದ ಬಾಲಕನಾಗಲಿ ಮಾತನಾಡುತ್ತಿರಲಿಲ್ಲ. ಇಂಥ ಸಮಯದಲ್ಲಿ ಬೆಂಗಳೂರಿನ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ನಡೆಸಿದ ಸ್ಪರ್ಧೆಯಲ್ಲಿ ಬಹುಮಾನವನ್ನು ಗಳಿಸಿದ ಕೈಲಾಸಂ ಅವರ ನಾಟಕವೇ ‘ಟೊಳ್ಳುಗಟ್ಟಿ’.

ಈ ನಾಟಕದ ವಸ್ತುವು ನಮ್ಮ ವಿದ್ಯಾರ್ಥಿಗಳಿಗೆ ತೀರ ಹತ್ತಿರದ್ದು. ಒಂದೇ ಮನೆಯಲ್ಲಿ ಇಬ್ಬರು ಸಹೋದರರು. ಪುಟ್ಟು ಎಂಬಾತನು ತರಗತಿಯಲ್ಲಿ ಮೊದಲಿಗ, ತಂದೆಯ ಕಣ್ಮಣಿ. ಮಾಧು ಎಂಬಾತನು ಓದಿನಲ್ಲಿ ಮಂದ. ಆದರೆ ಮನೆಗೆಲಸಕ್ಕೂ ಪರರ ಕಷ್ಟಕ್ಕೂ ಮೊದಲು ನಿಲ್ಲುವವನು. ಮನೆಗೆ ಬೆಂಕಿ ಬಿದ್ದಾಗ ಪುಟ್ಟು ತನ್ನ ಸರ್ಟಿಫಿಕೇಟುಗಳನ್ನು ಉಳಿಸಿಕೊಳ್ಳುತ್ತಾನೆ. ಮಾಧು ತಾಯಿಯನ್ನು ಉಳಿಸುತ್ತಾನೆ. ಯಾವುದು ಟೊಳ್ಳು, ಯಾವುದು ಗಟ್ಟಿ ಎಂಬುದನ್ನು ತಂದೆಯು ಆಗ ಕಾಣುತ್ತಾನೆ. ಲಂಡನ್ನಿನ ಪದವಿಯನ್ನು ಪಡೆದು ಬಂದ ವ್ಯಕ್ತಿಯೇ ಈ ನಾಟಕವನ್ನು ರಚಿಸಿದನೆಂಬುದನ್ನು ಮರೆಯಬಾರದು. ಸರ್ಟಿಫಿಕೇಟು ಎಷ್ಟು ತೂಗುತ್ತದೆಂಬುದನ್ನು ಬಲ್ಲವರೇ ಅದನ್ನು ತೂಗಿ ನೋಡಿದರು.

ನಾಟಕದ ಹೆಸರಿನಲ್ಲಿಯೇ ಅವರ ಕಮ್ಮಟದ ಸದ್ದು ಕೇಳುತ್ತದೆ. ಕಮ್ಮಟವೆಂದರೆ ನಾಣ್ಯವನ್ನು ಅಚ್ಚುಹಾಕುವ ಸ್ಥಳ. ಒಂದಕ್ಕೊಂದು ವಿರುದ್ಧವಾದ ‘ಟೊಳ್ಳು’ ಮತ್ತು ‘ಗಟ್ಟಿ’ ಎಂಬ ಎರಡು ಮಾತುಗಳನ್ನು ಒಂದೇ ನಾಣ್ಯದ ಎರಡು ಮುಖಗಳಂತೆ ಬೆಸೆದು ಅವರು ಹೆಸರನ್ನು ಮಾಡಿದರು. ‘ಗಂಡಸು’ ಮತ್ತು ‘ಕತ್ತರಿ’ ಎಂಬುವು ಕೂಡಿ ‘ಗಂಡಸ್ಕತ್ರಿ’ ಆಯಿತು. ‘ನಮ್ಮ ಬ್ರಾಹ್ಮಣಿಕೆ’ ಎಂಬುದು ‘ನಮ್ ಬ್ರಾಹ್ಮಣ್ಕೆ’ ಆಯಿತು. ಬಂಡವಾಳವಿಲ್ಲದೆ ಬಡಾಯಿ ಕೊಚ್ಚುವವರ ಕಥೆಗೆ ‘ಬಂಡ್ವಾಳ್ವಿಲ್ಲದ ಬಡಾಯಿ’ ಎಂದು ಹೆಸರಾಯಿತು. ಮಾತಿನ ನಡುವಣ ಸ್ವರಗಳನ್ನು ನಾವು ಆಡುವಾಗ ನುಂಗುತ್ತೇವೆ. ಬರೆಯುವಾಗ ಮಾತ್ರ ನುಂಗಿದುದನ್ನು ಮರಳಿ ಇಡುತ್ತೇವೆ. ಕೈಲಾಸಂ ಅವರು ಕಿವಿಗೆ ಕೇಳಿದುದನ್ನೇ ಬರೆಯಿಸಿದರು. ಕಾಗದದ ಮೇಲೆ ವಿಚಿತ್ರವಾಗಿ ಕಾಣುವ ಈ ಶಬ್ದಗಳನ್ನು ಗಟ್ಟಿಯಾಗಿ ಓದಿದರೆ ಹಳೆಯ ಬೆಂಗಳೂರಿನ ಮನೆಯೊಂದರ ಜಗಲಿಯ ಮೇಲೆ ಕುಳಿತಂತಾಗುತ್ತದೆ.

ಇಂಗ್ಲಿಷ್ ಶಬ್ದಗಳ ವಿಷಯದಲ್ಲಿಯೂ ಅವರ ಕಿವಿ ಇದೇ ರೀತಿಯಾಗಿ ಕೆಲಸಮಾಡಿತು. ಕನ್ನಡದ ಮಾತು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯಬೇಕೆಂದು ಬಯಸುತ್ತದೆ. ಆದುದರಿಂದ ವ್ಯಂಜನದಲ್ಲಿ ಮುಗಿಯುವ ಇಂಗ್ಲಿಷ್ ಶಬ್ದಕ್ಕೆ ನಾವು ತಿಳಿಯದೆಯೇ ಉಕಾರವನ್ನು ಸೇರಿಸುತ್ತೇವೆ. ಹಿಂದಿನ ಸ್ವರ ಹ್ರಸ್ವವಾಗಿದ್ದರೆ ವ್ಯಂಜನವು ಇಮ್ಮಡಿಯಾಗುತ್ತದೆ, ದೀರ್ಘವಾಗಿದ್ದರೆ ಆಗುವುದಿಲ್ಲ. ಬಸ್ ಎಂಬುದು ಬಸ್ಸು, ಕ್ಲಬ್ ಎಂಬುದು ಕ್ಲಬ್ಬು. ಆದರೆ ಕಾರ್ ಎಂಬುದು ಕಾರು, ರೂಲ್ ಎಂಬುದು ರೂಲು. ಯಾರೂ ನಮಗೆ ಈ ಸೂತ್ರವನ್ನು ಕಲಿಸಲಿಲ್ಲ. ಆದರೂ ಶಾಲೆಯ ಮುಖವನ್ನು ಕಾಣದ ಅಜ್ಜಿಯೂ ಇದನ್ನು ತಪ್ಪುವುದಿಲ್ಲ. ಇದೇ ನಾವು ಮೊದಲು ಹೇಳಿದ, ಎಂಜಿನ್ ಬದಲಾಯಿಸುವ ನಿಲ್ದಾಣ. ‘ನಮ್ ಕ್ಲಬ್ಬು’, ‘ನಮ್ ಕಂಪ್ನಿ’, ‘ಹೋಂ ರೂಲು’ ಎಂಬ ಹೆಸರುಗಳಲ್ಲಿ ಡಬ್ಬಿಗಳು ಇಂಗ್ಲಿಷಿನವು, ಎಳೆಯುವ ಎಂಜಿನ್ ಕನ್ನಡದ್ದು.

‘ಹೋಂ ರೂಲು’ ಎಂಬ ಹೆಸರನ್ನು ಇನ್ನೂ ಸ್ವಲ್ಪ ಬಿಡಿಸಿ ನೋಡೋಣ. ೧೯೧೬ರಲ್ಲಿ ಲೋಕಮಾನ್ಯ ತಿಲಕರು ಬೆಳಗಾವಿಯಲ್ಲಿ ಹೋಂ ರೂಲ್ ಲೀಗನ್ನು ಸ್ಥಾಪಿಸಿದರು. ಅದೇ ವರ್ಷ ಆನಿ ಬೆಸೆಂಟ್ ಅವರು ಮದರಾಸಿನಲ್ಲಿ ಇನ್ನೊಂದನ್ನು ಸ್ಥಾಪಿಸಿದರು. ಸ್ವರಾಜ್ಯವೆಂಬ ಗಂಭೀರವಾದ ಅರ್ಥದಲ್ಲಿ ದೇಶವೆಲ್ಲ ಆಡುತ್ತಿದ್ದ ಮಾತನ್ನು ಕೈಲಾಸಂ ಅವರು ಮನೆಯ ಹೊಸ್ತಿಲೊಳಗೆ ತಂದು, ಗಂಡಹೆಂಡಿರ ನಡುವೆ ಆಳುವವರು ಯಾರು ಎಂಬ ಪ್ರಶ್ನೆಗೆ ಅಂಟಿಸಿದರು. ಒಂದಕ್ಷರವನ್ನೂ ಹೊಸದಾಗಿ ಸೇರಿಸದೆ ಹಳೆಯ ಶಬ್ದಕ್ಕೆ ಹೊಸ ಅರ್ಥವನ್ನು ಹುಟ್ಟಿಸುವುದೂ ಶಬ್ದನಿರ್ಮಾಣದ ಒಂದು ಬಗೆಯೇ ಆಗಿದೆ.

ಅವರ ಹಾಡುಗಳಲ್ಲಿ ಈ ಶಕ್ತಿಯು ಇನ್ನೂ ಸೊಗಸಾಗಿ ಪ್ರಕಟವಾಗಿದೆ. ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಇಂಗ್ಲಿಷ್ ಹಾಡೊಂದರ ಜಾಡಿನಲ್ಲಿ ಅವರು ಕಟ್ಟಿದ ‘ಕೋಳೀಕೆ ರಂಗ’ನ ಹಾಡನ್ನು ಕೇಳಿ ನಗದ ಕನ್ನಡಿಗರು ವಿರಳ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನಿಕರು ದಾರಿಯುದ್ದಕ್ಕೂ ಹಾಡುತ್ತಿದ್ದ ಹಾಡೊಂದಿತ್ತು. ಐರ್ಲೆಂಡಿನ ಟಿಪ್ಪರೇರಿ ಎಂಬ ಊರು ಬಹಳ ದೂರದಲ್ಲಿದೆಯೆಂಬ ಹಂಬಲವೇ ಅದರ ತಿರುಳು. ಕೈಲಾಸಂ ಅವರು ಆ ಹಾಡನ್ನು ಕನ್ನಡಕ್ಕೆ ತಂದಾಗ ಟಿಪ್ಪರೇರಿಯು ‘ತಿಪ್ಪಾರಳ್ಳಿ’ ಆಯಿತು. ತಿಪ್ಪೂರು, ತಿಪ್ಪಸಂದ್ರ ಮೊದಲಾದ ಊರುಗಳಿರುವ ನಮ್ಮ ನಾಡಿನಲ್ಲಿ ತಿಪ್ಪಾರಳ್ಳಿಯೂ ಒಂದು ಇದ್ದೇ ಇರಬೇಕೆಂದು ಕೇಳುವವರಿಗೆ ತೋರುತ್ತದೆ. ಐರ್ಲೆಂಡಿನ ಊರು ಒಂದೇ ನೆಗೆತಕ್ಕೆ ಮೈಸೂರು ಸೀಮೆಯ ಹಳ್ಳಿಯಾಗಿಬಿಟ್ಟಿತು! ಧ್ವನಿ ಅದೇ, ತಾಳ ಅದೇ, ಮನೆಯ ಹಂಬಲವೂ ಅದೇ.

ಇಲ್ಲಿ ದೇವಳಾಲಿಯ ಸಿಪಾಯಿಗಳು ಮತ್ತೆ ನಮ್ಮ ನೆನಪಿಗೆ ಬರುತ್ತಾರೆ. ಅವರ ನಾಲಗೆಯ ಮೇಲೆ ನಮ್ಮ ಊರೊಂದು ಇಂಗ್ಲಿಷ್ ಶಬ್ದವಾಯಿತು. ಕೈಲಾಸಂ ಅವರ ನಾಲಗೆಯ ಮೇಲೆ ಅವರ ಊರೊಂದು ಕನ್ನಡ ಶಬ್ದವಾಯಿತು. ಎರಡನ್ನೂ ಹುಟ್ಟಿಸಿದುದು ಮನೆಯಿಂದ ದೂರವಾದವರ ವ್ಯಥೆ. ಹೊಸ ಮಾತು ಹುಟ್ಟುವುದು ಪಾಂಡಿತ್ಯದ ಪ್ರದರ್ಶನಕ್ಕಾಗಿ ಅಲ್ಲ, ಹೇಳದೆ ಇರಲಾರದ ಅವಸ್ಥೆಯಿಂದ ಎಂಬುದನ್ನು ಇವು ಎರಡೂ ತೋರಿಸುತ್ತವೆ.

ಆದರೆ ಕೈಲಾಸಂ ಅವರ ನಾಟಕಗಳಲ್ಲಿ ಇಂಗ್ಲಿಷ್ ಬೆರೆತ ಮಾತೆಲ್ಲವನ್ನೂ ಅವರು ಮೆಚ್ಚಿ ಬರೆದರೆಂದು ತಿಳಿಯಬಾರದು. ‘ಬಂಡ್ವಾಳ್ವಿಲ್ಲದ ಬಡಾಯಿ’ಯ ವಕೀಲ ಅಹೋಬ್ಲುವಿನಂಥ ಪಾತ್ರಗಳು ಇಂಗ್ಲಿಷನ್ನು ಪುಂಖಾನುಪುಂಖವಾಗಿ ಉದುರಿಸುವುದು ಒಳಗಿನ ಬರಿದನ್ನು ಮುಚ್ಚಿಕೊಳ್ಳುವುದಕ್ಕಾಗಿ. ಅರ್ಥವನ್ನು ತಿಳಿಸಲು ಪರಭಾಷೆಯ ಶಬ್ದವನ್ನು ತಂದು ನಮ್ಮದಾಗಿ ಮಾಡಿಕೊಳ್ಳುವುದು ಒಂದು. ಅಂತಸ್ತನ್ನು ತೋರಿಸಲು ಅದನ್ನು ಹಾಗೆಯೇ ಎಸೆಯುವುದು ಇನ್ನೊಂದು. ಮೊದಲನೆಯದು ಸಂಪಾದನೆ, ಎರಡನೆಯದು ಸಾಲ. ಕೈಲಾಸಂ ಅವರು ಮೊದಲನೆಯದನ್ನು ಮಾಡುತ್ತ ಎರಡನೆಯದನ್ನು ನೋಡಿ ನಕ್ಕರು. ಅವರ ಸಂಭಾಷಣೆಗಳಲ್ಲಿ ಇಂಗ್ಲಿಷಿನ ಪ್ರಮಾಣವು ಕೆಲವೆಡೆ ಮಿತಿಮೀರಿದೆಯೆಂದು ಆಕ್ಷೇಪಿಸಿದವರುಂಟು. ಇಂದಿನ ವಾಚಕರಿಗೆ ಅಂಥ ಪುಟಗಳು ತೊಡಕಾಗುವುದನ್ನು ನಾವೂ ಒಪ್ಪಬೇಕಾಗುತ್ತದೆ. ಆದರೆ ೧೯೨೦ರ ದಶಕದ ಬೆಂಗಳೂರಿನ ಮಧ್ಯಮವರ್ಗದ ಬಾಯನ್ನು ಅಷ್ಟು ನಿಷ್ಠೆಯಿಂದ ಹಿಡಿದಿಟ್ಟ ಕನ್ನಡಿ ಬೇರೊಂದು ದೊರೆಯುವುದು ಕಷ್ಟ.

ಗೃಹಜೀವನದ ನಾಟಕಗಳಿಗೆ ಆಡುಗನ್ನಡವನ್ನು ಆರಿಸಿಕೊಂಡ ಅದೇ ಕೈಲಾಸಂ ಅವರು ಪುರಾಣದ ವೀರರನ್ನು ಚಿತ್ರಿಸಲು ಇಂಗ್ಲಿಷನ್ನೇ ಆರಿಸಿಕೊಂಡರು. ೧೯೩೩ರಲ್ಲಿ ಅವರ ಇಂಗ್ಲಿಷ್ ಕವಿತೆ ನಾಟಕಗಳ ಸಂಗ್ರಹವೊಂದು ಪ್ರಕಟವಾಯಿತು. ಭರತ, ಏಕಲವ್ಯ, ಕರ್ಣ, ಕೀಚಕ ಇವರೇ ಅವರ ಇಂಗ್ಲಿಷ್ ನಾಟಕಗಳ ನಾಯಕರು. ಲೋಕವು ಸೋತವರೆಂದೋ ಕೆಟ್ಟವರೆಂದೋ ಬದಿಗಿಟ್ಟವರ ಕಡೆಗೆ ಅವರ ಮನಸ್ಸು ಹರಿಯುತ್ತಿತ್ತು. ಅವರ ಏಕಲವ್ಯನು ಬಿಲ್ವಿದ್ಯೆಯನ್ನು ಬಯಸುವುದು ಕೀರ್ತಿಗಾಗಿ ಅಲ್ಲ. ಕಾಡಿನ ಜಿಂಕೆಮರಿಗಳನ್ನು ತೋಳಗಳಿಂದ ಕಾಪಾಡುವುದಕ್ಕಾಗಿ. ಅಂಥವನ ಹೆಬ್ಬೆರಳು ಹೋದಾಗ ನಷ್ಟವಾದುದು ಅವನೊಬ್ಬನಿಗೆ ಮಾತ್ರವಲ್ಲ ಎಂಬುದು ನೋಡುವವರ ಎದೆಯನ್ನು ಇರಿಯುತ್ತದೆ. ಎಲ್ಲರೂ ಪೋಲಿಯೆಂದು ಹಳಿಯುವ ಹುಡುಗನೊಳಗಿನ ಸದ್ಗುಣವನ್ನು ಕಾಣಿಸಿದ ‘ಪೋಲಿ ಕಿಟ್ಟಿ’ಯ ಕರ್ತೃವಿಗೆ ಇದು ಸಹಜವೇ ಆಗಿದೆ.

ಕೈಲಾಸಂ ಅವರ ತರುವಾಯದ ಪೀಳಿಗೆಯಲ್ಲಿ ಈ ಮಾತಿನ ಸಂಚಾರವು ಇನ್ನೊಂದು ದಿಕ್ಕಿನಲ್ಲಿಯೂ ನಡೆಯಿತು. ೧೯೦೮ರಲ್ಲಿ ಹಾಸನದಲ್ಲಿ ಜನಿಸಿದ ರಾಜಾರಾವ್ ಅವರು ೧೯೩೮ರಲ್ಲಿ ಪ್ರಕಟಿಸಿದ ‘ಕಾಂತಪುರ’ ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ, ಮನೆಯ ಗುರುತಿನಿಂದಲೋ ಮೈಯ ಗುರುತಿನಿಂದಲೋ ಜನರನ್ನು ಕರೆಯುವ ನಮ್ಮ ಹಳ್ಳಿಗಳ ಪದ್ಧತಿಯನ್ನು ಇಂಗ್ಲಿಷಿಗೆ ತಂದು ಹೊಸ ಹೊಸ ಜೋಡುಮಾತುಗಳನ್ನು ಕಟ್ಟಿದರು. ಮೈಸೂರಿನಲ್ಲಿ ನೆಲೆಸಿದ ಆರ್. ಕೆ. ನಾರಾಯಣ್ ಅವರು ೧೯೩೫ರಲ್ಲಿ ಪ್ರಕಟವಾದ ತಮ್ಮ ಮೊದಲ ಕಾದಂಬರಿಯಲ್ಲಿಯೇ ‘ಮಾಲ್ಗುಡಿ’ ಎಂಬ, ಯಾವ ನಕ್ಷೆಯಲ್ಲಿಯೂ ಇಲ್ಲದ ಊರಿನ ಹೆಸರನ್ನು ಸೃಷ್ಟಿಸಿದರು. ಇಂಗ್ಲಿಷನ್ನು ಕನ್ನಡದ ಬಾಯಿಗೆ ಹೊಂದಿಸಿದವರು ಕೈಲಾಸಂ. ಇಂಗ್ಲಿಷಿನ ಬಾಯಿಗೆ ನಮ್ಮ ಸೀಮೆಯ ಸವಿಯನ್ನು ಹಚ್ಚಿದವರು ಇವರಿಬ್ಬರು.

ಇಷ್ಟೆಲ್ಲವನ್ನು ಕೊಟ್ಟ ಕೈಲಾಸಂ ಅವರಲ್ಲಿ ಒಂದು ಕೊರತೆಯಿತ್ತು. ಅವರು ಲೇಖನಿಯನ್ನು ಹಿಡಿಯುತ್ತಿದ್ದುದು ಬಹಳ ಕಡಿಮೆ. ನಾಟಕವು ಅವರ ತಲೆಯಲ್ಲಿ ಪೂರ್ಣವಾಗಿ ರೂಪುಗೊಳ್ಳುತ್ತಿತ್ತು. ಮಿತ್ರರ ಮುಂದೆ ಎಲ್ಲ ಪಾತ್ರಗಳನ್ನೂ ತಾವೇ ಅಭಿನಯಿಸಿ, ಒಂದೊಂದು ಪಾತ್ರಕ್ಕೆ ಒಂದೊಂದು ಧ್ವನಿಯನ್ನು ಕೊಟ್ಟು, ಗಂಟೆಗಟ್ಟಲೆ ಹೇಳುತ್ತಿದ್ದರು. ಹತ್ತಿರದಲ್ಲಿದ್ದ ಯಾರಾದರೂ ಬರೆದುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂದು ನಮಗೆ ದೊರೆಯುವ ನಾಟಕಗಳಲ್ಲಿ ಅನೇಕವು ಹೀಗೆ ಶ್ರದ್ಧೆಯಿಂದ ಬರೆದುಕೊಂಡ ಸ್ನೇಹಿತರ ಕೃಪೆ. ಬರೆದುಕೊಳ್ಳುವವರು ಇಲ್ಲದ ಸಂಜೆಗಳಲ್ಲಿ ಅವರು ಹೇಳಿದುದು ನಕ್ಕವರ ನಗೆಯೊಡನೆಯೇ ಗಾಳಿಯಲ್ಲಿ ಲೀನವಾಯಿತು. ಅವರ ಕಮ್ಮಟದಿಂದ ಹೊರಬಿದ್ದ ನಾಣ್ಯಗಳಲ್ಲಿ ಎಷ್ಟೋ ಪಾಲು ನಮ್ಮ ಕೈಸೇರಲಿಲ್ಲ.

ಕನ್ನಡಿಗರು ತಡವಾಗಿಯಾದರೂ ಅವರನ್ನು ಗೌರವಿಸಿದರು. ೧೯೪೫ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಆಡುಮಾತಿನಲ್ಲಿ ಪ್ರಹಸನಗಳನ್ನು ಕಟ್ಟಿದವರೊಬ್ಬರು, ಅದರಲ್ಲಿಯೂ ಕನ್ನಡ ಮನೆಮಾತಲ್ಲದವರೊಬ್ಬರು, ವಿದ್ವಾಂಸರ ಆ ಪೀಠವನ್ನು ಏರಿದುದು ಕನ್ನಡದ ಔದಾರ್ಯಕ್ಕೂ ಭೂಷಣವಾಯಿತು. ಮರುವರ್ಷ, ೧೯೪೬ರ ನವೆಂಬರ್ ತಿಂಗಳಲ್ಲಿ, ಬೆಂಗಳೂರಿನಲ್ಲಿ ಅವರು ದಿವಂಗತರಾದರು. ಪ್ರಹಸನ ಪಿತಾಮಹರೆಂಬ ಬಿರುದು ಮಾತ್ರ ಅವರ ಹೆಸರಿನೊಡನೆ ಉಳಿದುಬಂದಿದೆ.

ದೇವಳಾಲಿಯನ್ನು ದಾಟಿದರೆ ಸಿಕ್ಕುವ ನಾಸಿಕ ರೋಡಿನಲ್ಲಿ ಸರಕಾರದ ನೋಟುಗಳು ಅಚ್ಚಾಗುತ್ತವೆ. ಅವುಗಳಿಗೆ ಬೆಲೆಯನ್ನು ಕೊಡುವುದು ಸರಕಾರದ ಮುದ್ರೆ. ಮಾತಿಗೆ ಅಂಥ ಮುದ್ರೆಯನ್ನು ಯಾವ ಸರಕಾರವೂ ಒತ್ತಲಾರದು. ಆಡುವವರು ಇರುವಷ್ಟು ಕಾಲ ಅದು ಚಲಾವಣೆಯಲ್ಲಿರುತ್ತದೆ. ಆಡುವವರು ಬಿಟ್ಟರೆ ಸವೆದ ಬಿಲ್ಲೆಯಾಗುತ್ತದೆ. ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲಿ ಕನ್ನಡವೂ ಬೀದಿಯ ಮರಾಠಿಯೂ ಹಿಂದಿಯೂ ಇಂಗ್ಲಿಷೂ ಕೂಡಿ ದಿನವೂ ಹೊಸ ಮಾತುಗಳು ಹುಟ್ಟುತ್ತಿರುತ್ತವೆ. ಊರಿನಿಂದ ಬಂದ ಅಜ್ಜಿ ಅಜ್ಜಂದಿರು ತಾವು ಕಂಡಿಲ್ಲದ ವಸ್ತುಗಳಿಗೆ ತಮ್ಮದೇ ಹೆಸರನ್ನು ಇಡುವುದನ್ನು ನಾವು ಕೇಳಿ ನಗುತ್ತೇವೆ. ನಗುವುದರಲ್ಲಿ ತಪ್ಪೇನೂ ಇಲ್ಲ; ಕೈಲಾಸಂ ಅವರೂ ನಕ್ಕವರೇ. ಆದರೆ ನಕ್ಕ ಮೇಲೆ ಆ ಮಾತನ್ನು ಒಂದು ಪುಸ್ತಕದಲ್ಲಿ ತಾರೀಖಿನೊಡನೆ ಬರೆದಿಡಬೇಕು. ಕೈಲಾಸಂ ಅವರ ಬಳಿ ಕುಳಿತು ಕೆಲವರು ಬರೆದುಕೊಂಡುದರಿಂದ ತಿಪ್ಪಾರಳ್ಳಿ ನಮಗೆ ಉಳಿಯಿತು. ನಮ್ಮ ಮನೆಯ ಹಿರಿಯರ ಬಳಿ ಕುಳಿತು ಬರೆದುಕೊಳ್ಳಬೇಕಾದವರು ನಾವೇ.